ಭೋಗಿಯ ದಿನ ಅಕ್ಕ ಮಾಡಿದ ಬೆಣ್ಣೆ

ನಾನು ಎಂಟು ವರ್ಷದವನಿದ್ದಾಗ ನನ್ನ ಪಾದಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಕಲ್ಲಿನಿಂದ ಎಷ್ಟೇ ತಿಕ್ಕಿ ತೊಳೆದರೂ ಮರುದಿನ ಮಧ್ಯಾಹ್ನದೊಳಗೆ ಮತ್ತೆ ಅದೇ ಬಣ್ಣ. ಆಗ ನಾವು ಗೋವಾದ ಸಾಂಗೆಯ ಹತ್ತಿರ ಇದ್ದೆವು. ಅಪ್ಪ ಅಲ್ಲಿನ ಗಣಿಯಲ್ಲಿ ಲಾರಿಗೆ ಅದಿರು ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ಲಾರಿಗಳು ಸಾಲಾಗಿ ಹೊರಟರೆ ಸಾಕು, ಕೆಂಪು ಧೂಳು ಎದ್ದು ನಮ್ಮ ಮನೆಯ ಹೆಂಚಿನ ಮೇಲೆ, ಹಗ್ಗಕ್ಕೆ ಹಾಕಿದ ಅರಿವೆಯ ಮೇಲೆ, ಅಂಗಳದಲ್ಲಿ ಮಲಗಿದ ನಾಯಿಯ ಮೇಲೆ ಕೂತುಬಿಡುತ್ತಿತ್ತು. ಆ ನಾಯಿ ಬಿಳಿಯದು ಎಂಬುದು ಮಳೆಗಾಲದಲ್ಲಿ ಮಾತ್ರ ಗೊತ್ತಾಗುತ್ತಿತ್ತು.

ನಮ್ಮ ಊರು ವಿಜಯಪುರದ ಕಡೆ. ಮನೆಯಲ್ಲಿ ನಾವು ನಾಲ್ಕೇ ಮಂದಿ: ಅಪ್ಪ, ಅವ್ವ, ಅಕ್ಕ, ನಾನು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಗೋಡೆಗೆ ಗೋಡೆ ಅಂಟಿಕೊಂಡ ಪಕ್ಕದ ಮನೆಯಲ್ಲಿ ಒಬ್ಬ ಕೊಂಕಣಿ ಹೆಂಗಸು ಇದ್ದಳು. ಅವಳನ್ನು ನಾವು ಚಿಕ್ಕವ್ವ ಎನ್ನುವಂತೆ ಮಾವಶಿ ಎಂದು ಕರೆಯುತ್ತಿದ್ದೆವು. ನಮ್ಮ ಜೊತೆ ಮಾತಾಡಿ ಮಾತಾಡಿ ಅವಳ ಬಾಯಲ್ಲಿ ಅರ್ಧ ಕನ್ನಡ, ಅರ್ಧ ಕೊಂಕಣಿ ಬೆರೆತು ಹೋಗಿತ್ತು. ನಗುವಾಗ ಮಾತ್ರ ಅವಳದು ಒಂದೇ ಭಾಷೆ. ಹೊಟ್ಟೆ ಹಿಡಿದುಕೊಂಡು, ಎಲ್ಲಿದ್ದಳೋ ಅಲ್ಲೇ ಕೂತು ನಗುತ್ತಿದ್ದಳು.

ಊರು ಬಿಟ್ಟು ಬಂದರೂ ಅವ್ವ ಬೆಣ್ಣೆ ಕಡೆಯುವುದನ್ನು ಬಿಟ್ಟಿರಲಿಲ್ಲ. ಗುಡ್ಡದ ಕಡೆಯಿಂದ ಗೌಳಿಗರು ಎಮ್ಮೆ ಹಾಲು ತಂದುಕೊಡುತ್ತಿದ್ದರು. ಅವ್ವ ಅದನ್ನು ಕಾಸಿ, ಹೆಪ್ಪು ಹಾಕಿ, ಎರಡು ದಿನಕ್ಕೊಮ್ಮೆ ಕಡಗೋಲು ಹಿಡಿದು ಕೂರುತ್ತಿದ್ದಳು. ಗಡಿಗೆಯೊಳಗೆ ಮಜ್ಜಿಗೆ ಗುಳುಗುಳು ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ದಪ್ಪವಾಗಿ, ಬೆಳ್ಳಗಿನ ಬೆಣ್ಣೆ ಮೇಲೆ ತೇಲುತ್ತಿತ್ತು. ಆಗಷ್ಟೇ ಹೆಂಚಿನಿಂದ ಇಳಿಸಿದ ರೊಟ್ಟಿಯ ಮೇಲೆ ಅದರ ಒಂದು ಉಂಡೆ ಇಟ್ಟರೆ ಮೊದಲು ಅಂಚು ಕರಗುತ್ತಿತ್ತು, ಆಮೇಲೆ ನಡು ಕುಸಿಯುತ್ತಿತ್ತು. ನಾನೂ ಅಕ್ಕನೂ ಯಾರ ಉಂಡೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತ ಕೂರುತ್ತಿದ್ದೆವು. ಪ್ರತಿ ಸಲವೂ ಅಕ್ಕನದೇ ಮೊದಲು ಮುಗಿಯುತ್ತಿತ್ತು. ಅವಳಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರಲಿಲ್ಲ.

ಆದರೆ ಅಕ್ಕನ ಮೈಮೇಲೆ ಆಗಾಗ ದದ್ದು ಏಳುತ್ತಿದ್ದವು. ಕೈ ಕುತ್ತಿಗೆಯೆಲ್ಲ ಕೆರೆದುಕೊಂಡು ಕೆಂಪಗೆ ಮಾಡಿಕೊಳ್ಳುತ್ತಿದ್ದಳು. ನಾವೆಲ್ಲ ಗಣಿಯ ಧೂಳಿಗೇ ಬೈಯುತ್ತಿದ್ದೆವು. ದಿನ ಕಳೆದ ಹಾಗೆ ಅದು ಹೆಚ್ಚಾಯಿತು. ಉಂಡ ಮೇಲೆ ಉಸಿರು ಸಿಳ್ಳೆ ಹೊಡೆದ ಹಾಗೆ ಕೇಳತೊಡಗಿತು. ಅಪ್ಪ ಅವಳನ್ನು ಮಡಗಾಂವಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಅವಳು ಏನೇನು ತಿನ್ನುತ್ತಾಳೆ ಎಂದು ಬಹಳ ಹೊತ್ತು ಕೇಳಿ, ಪರೀಕ್ಷೆ ಮಾಡಿ, ಇವಳಿಗೆ ಹಾಲು ಆಗಿಬರುವುದಿಲ್ಲ ಎಂದು ಹೇಳಿದರು. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಯಾವುದೂ ಒಂದು ಹನಿಯೂ ಬಾಯಿಗೆ ಹೋಗಬಾರದು. ಧೂಳಿನ ತಪ್ಪು ಏನೂ ಇರಲಿಲ್ಲ.

ಅಕ್ಕ ಹಠ ಮಾಡಲಿಲ್ಲ. ಹಠ ಮಾಡಿದ್ದರೆ ಚೆನ್ನಾಗಿತ್ತು. ನಾವು ಬೆಣ್ಣೆ ಹಚ್ಚಿಕೊಂಡು ಉಣ್ಣುವಾಗ ಅವಳು ತಟ್ಟೆ ತೆಗೆದುಕೊಂಡು ಹಿತ್ತಲ ಬಾಗಿಲ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ಕೂರುತ್ತಿದ್ದಳು. ಒಣ ರೊಟ್ಟಿ ಮುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಆ ವರ್ಷದ ದೀಪಾವಳಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅಕ್ಕ ಹಾಗೆ ಕೂತಿದ್ದಾಗ ಅವಳ ಭುಜ ಅಲುಗುತ್ತಿದ್ದುದು ಕಂಡಿತು. ಅಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಒಂದಿಷ್ಟು ಬೆಣ್ಣೆ ತಿಂದರೆ ಏನಾದೀತು ಎಂದುಕೊಂಡೆ. ರೊಟ್ಟಿಯ ಒಳಗೆ ಬೆಣ್ಣೆ ಹಚ್ಚಿ, ಮೇಲೆ ಕಾಣದ ಹಾಗೆ ಶೇಂಗಾ ಚಟ್ನಿ ಉದುರಿಸಿ, ಮಡಚಿ ಅವಳ ಕೈಗೆ ಕೊಟ್ಟೆ. ಅವಳು ನನ್ನನ್ನು ನೋಡಿ ನಕ್ಕು ತೆಗೆದುಕೊಂಡಳು. ಎರಡು ತುತ್ತು ತಿನ್ನುವಷ್ಟರಲ್ಲಿ ಅವಳ ತುಟಿ ಊದಿಕೊಂಡಿತು. ಕಣ್ಣು ಮುಚ್ಚಿಹೋಯಿತು. ಉಸಿರು ಎಳೆಯುವ ಸದ್ದು ಕೇಳಿ ಅವ್ವ ಒಲೆ ಬಿಟ್ಟು ಓಡಿಬಂದಳು. ಅಪ್ಪ ಅವಳನ್ನು ಎತ್ತಿಕೊಂಡು ರಸ್ತೆಗೆ ಓಡಿ, ಹೋಗುತ್ತಿದ್ದ ಅದಿರು ಲಾರಿಯನ್ನು ಅಡ್ಡ ನಿಂತು ನಿಲ್ಲಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದ.

ಮರುದಿನ ಅಕ್ಕ ಗುಣವಾಗಿ ತಿರುಗಿ ಬಂದಳು. ನನಗೆ ಬೈಯಲಿಲ್ಲ, ಹೊಡೆಯಲೂ ಇಲ್ಲ. ಎಂದಿನಂತೆ ನನ್ನ ಅಂಗಿಯ ಗುಂಡಿ ಹೊಲಿದುಕೊಟ್ಟಳು, ಲೆಕ್ಕ ಹೇಳಿಕೊಟ್ಟಳು. ಆದರೆ ನನ್ನ ಕೈಯಿಂದ ತಿನ್ನುವುದನ್ನು ಬಿಟ್ಟುಬಿಟ್ಟಳು. ಹುರಿದ ಶೇಂಗಾ ಕೊಟ್ಟರೂ ‘ಅಲ್ಲಿಡು’ ಎನ್ನುತ್ತಿದ್ದಳು. ಆಮೇಲೆ ಅದು ಅಲ್ಲೇ ಇರುತ್ತಿತ್ತು. ಮಕ್ಕಳೇ, ಎಂಟು ವರ್ಷದ ಹುಡುಗನಿಗೆ ಇದಕ್ಕಿಂತ ಎರಡು ಪೆಟ್ಟು ತಿನ್ನುವುದೇ ಎಷ್ಟೋ ಸುಲಭವಾಗಿರುತ್ತಿತ್ತು.

ಆವತ್ತಿನಿಂದ ನಾನು ಅಕ್ಕನಿಗೆ ಆಗಿಬರುವ ಬೆಣ್ಣೆ ಹುಡುಕತೊಡಗಿದೆ. ಹಾಲಿಲ್ಲದ ಬೆಣ್ಣೆ ಎಂಬುದು ಎಲ್ಲಾದರೂ ಇರಲೇಬೇಕು ಎಂದು ನನಗೆ ಯಾಕೋ ಅನ್ನಿಸಿತ್ತು. ಮೊದಲು ಕಳಿತ ಬಾಳೆಹಣ್ಣು ಕಿವುಚಿ ರೊಟ್ಟಿಗೆ ಸವರಿದೆ. ನೋಡಲು ಬೆಣ್ಣೆಯಂತೆಯೇ ಇತ್ತು, ತಿಂದರೆ ಜಾತ್ರೆಯ ಪ್ರಸಾದದಂತಿತ್ತು. ಆಮೇಲೆ ಎಳ್ಳು ಕುಟ್ಟಿ ನೋಡಿದೆ, ಕಹಿಯಾಯಿತು. ಶೇಂಗಾ ಹುರಿದು ಒರಳಲ್ಲಿ ಕುಟ್ಟುತ್ತಲೇ ಹೋದಾಗ ಅದು ಪುಡಿಯಾಗಿ, ಉಂಡೆಯಾಗಿ, ಕೊನೆಗೆ ತಾನೇ ಎಣ್ಣೆ ಬಿಟ್ಟುಕೊಂಡು ಮೆತ್ತಗೆ ಹೊಳೆಯತೊಡಗಿತು. ನನಗೆ ಕುಣಿಯುವಷ್ಟು ಸಂತೋಷ. ಅದನ್ನು ನಾನು ಕೊಡಲಿಲ್ಲ, ಅವ್ವನ ಕೈಯಿಂದ ಕೊಡಿಸಿದೆ. ಅಕ್ಕ ತಿಂದು, ಅಂಗುಳಕ್ಕೆ ಅಂಟಿದ್ದನ್ನು ನಾಲಿಗೆಯಿಂದ ಬಿಡಿಸಿಕೊಳ್ಳುತ್ತ, “ಚಲೋ ಐತಿ. ಆದ್ರ ಇದು ಶೇಂಗಾ ಐತಿ, ಬೆಣ್ಣಿ ಅಲ್ಲ” ಎಂದಳು. ಅವಳ ಮಾತು ಖರೇ ಇತ್ತು.

ಹೀಗೇ ಸಂಕ್ರಾಂತಿ ಬಂತು. ಸಂಕ್ರಾಂತಿಯ ಹಿಂದಿನ ದಿನಕ್ಕೆ ನಮ್ಮಲ್ಲಿ ಭೋಗಿ ಎನ್ನುತ್ತಾರೆ. ಆ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಲವು ತರಕಾರಿ ಕೂಡಿಸಿದ ಪಲ್ಯ, ಬದನೆಯ ತುಂಬುಗಾಯಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಬೆಣ್ಣೆ ಇರಬೇಕು. ಬೆಣ್ಣೆ ಇಲ್ಲದ ಭೋಗಿಯನ್ನು ಅವ್ವ ಎಂದೂ ಮಾಡಿರಲಿಲ್ಲ. ಆ ಸಲ ಅವಳು, “ಈ ವರ್ಷ ಯಾರಿಗೂ ಬೆಣ್ಣಿ ಬ್ಯಾಡ. ಮಗಳು ಬೆನ್ನು ತಿರುಗಿಸಿ ಕುಂತು ಉಣ್ಣೋದು ನಾ ಹಬ್ಬದ ದಿನ ನೋಡಂಗಿಲ್ಲ” ಎಂದು ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಭೋಗಿಯ ಬೆಳಿಗ್ಗೆ ವಿಪರೀತ ಚಳಿ ಇತ್ತು. ಸಾಂಗೆಯ ಕಡೆ ಸಮುದ್ರ ದೂರ, ಕಾಡು ಹತ್ತಿರ. ಪುಷ್ಯ ಮಾಸದಲ್ಲಿ ಮಂಜು ಅಂಗಳದವರೆಗೂ ಬಂದು ನಿಲ್ಲುತ್ತಿತ್ತು. ಹಂಡೆಯ ಕೆಳಗೆ ಸೌದೆ ಉರಿಯುತ್ತಿತ್ತು, ಹಿತ್ತಲ ತುಂಬ ಹೊಗೆಯ ವಾಸನೆ. ಅಕ್ಕ ನಸುಕಿನಲ್ಲೇ ಸ್ನಾನ ಮುಗಿಸಿ, ಓಣಿಯ ಹುಡುಗಿಯರ ಜೊತೆ ಹೊಳೆಗೆ ಅರಿವೆ ಒಗೆಯಲು ಹೋಗಿದ್ದಳು. ಅವ್ವ ನನಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಬಾ ಎಂದಳು. ಗೂಡಿನಿಂದ ತೆಂಗಿನೆಣ್ಣೆಯ ಬಾಟಲಿ ತೆಗೆದು ಅಂಗೈ ಮೇಲೆ ಬೋರಲು ಹಾಕಿದೆ. ಏನೂ ಬೀಳಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಒಳಗೆಲ್ಲ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಕಡ್ಡಿ ಹಾಕಿ ಚುಚ್ಚಿದೆ. ಕಡ್ಡಿಗೆ ಅಂಟಿಕೊಂಡು ಹೊರಬಂದದ್ದು ಥೇಟ್ ಬೆಣ್ಣೆಯಂತಿತ್ತು.

ಅಡುಗೆಮನೆಗೆ ಓಡಿ, “ಅವ್ವಾ, ಬೆಣ್ಣಿ ಸಿಕ್ತು!” ಎಂದು ಕೂಗಿದೆ.

ಅವ್ವ ಬಾಟಲಿಯನ್ನೂ ನನ್ನನ್ನೂ ನೋಡಿದಳು. “ಲೇ ಹುಡುಗಾ, ತಲಿಗೆ ಹಚ್ಚೋ ಎಣ್ಣಿ ರೊಟ್ಟಿಗೆ ಹಚ್ಚತಿಯೇನು? ನಾಳೆ ಮೈಗೆ ಹಚ್ಚೋ ಸಾಬಾಣ ಕಡಕೊಂಡು ತಿನ್ನತಿ!”

ನಮ್ಮ ಊರಿನ ಕಡೆ ಅಡುಗೆಗೆ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ. ತೆಂಗಿನೆಣ್ಣೆ ಎಂದರೆ ತಲೆಗೆ ಮಾತ್ರ. ನಾನು ಕೇಳಲಿಲ್ಲ. ಕಡ್ಡಿಗೆ ಅಂಟಿದ್ದನ್ನು ನೆಕ್ಕಿಯೇ ಬಿಟ್ಟೆ. ಅದು ಅಂಗಡಿಯಿಂದ ತಂದ ಸುವಾಸನೆಯ ಎಣ್ಣೆ. ಬಾಯೊಳಗೆ ಮಲ್ಲಿಗೆಯ ದಂಡೆ ತುರುಕಿದಂತಾಯಿತು. ಹಿತ್ತಲಿಗೆ ಓಡಿ ಥೂ ಥೂ ಎಂದು ಉಗುಳುತ್ತಿದ್ದಾಗ ಮಾವಶಿ ಬೇಲಿಯಾಚೆ ನಿಂತು ನೋಡಿದಳು. ಏನಾಯಿತು ಎಂದು ಕೇಳಿದಳು. ಹೇಳಿದೆ. ಅವಳು ಬಾವಿಕಟ್ಟೆಯ ಮೇಲೆಯೇ ಕೂತು ನಗತೊಡಗಿದಳು.

ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಳ್ಳುತ್ತ ಒಳಗೆ ಹೋಗಿ ಒಂದು ಭರಣಿ ತಂದಳು. ಅದರಲ್ಲೂ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅವ್ವನನ್ನು ಕರೆದು, “ಪಳೆ ಗೋ, ಪಳೆ! ನಮ್ದು ಬಿ ಥಂಡಿಗೆ ಹಿಂಗೇ ಆಗ್ತದ. ಇದು ಗಾಣದ್ದು. ತಲೀದು ಅಲ್ಲ, ಹೊಟ್ಟೀದು” ಎಂದಳು. ಪಳೆ ಎಂದರೆ ಕೊಂಕಣಿಯಲ್ಲಿ ನೋಡು ಎಂದು. ಅವಳ ಮನೆಯಲ್ಲಿ ಎಲ್ಲ ಅಡುಗೆಯೂ ಅದೇ ಎಣ್ಣೆಯಲ್ಲಿ. ನಾನು ಮೂಗು ಹತ್ತಿರ ಒಯ್ದೆ. ಮಲ್ಲಿಗೆ ಇಲ್ಲ, ಗಿಲ್ಲಿಗೆ ಇಲ್ಲ. ಆಗತಾನೇ ಒಡೆದ ಕಾಯಿಯ ತಂಪು ವಾಸನೆ.

ಅಷ್ಟರಲ್ಲಿ ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದ. ಹುಬ್ಬಿನ ಮೇಲೂ ಕೆಂಪು ಧೂಳು. ಕೈ ತೊಳೆದುಕೊಂಡು, ಭರಣಿಯಿಂದ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಬಾಯಿಗೆ ಹಾಕಿಕೊಂಡ. ಬಾಯಿ ಚಪ್ಪರಿಸಿದ. “ಚಲೋ ಐತಿ. ಆದ್ರ ಬರೇ ಎಣ್ಣಿ ಅನಸ್ತೈತಿ. ಬೆಣ್ಣಿಗೆ ಒಂದು ಮೆತ್ತನ ಗುಣ ಇರತೈತಲ್ಲ, ಅದು ಇಲ್ಲ” ಎಂದ.

ಅವ್ವ ಏನೋ ಯೋಚನೆಯಲ್ಲಿದ್ದಳು. “ನಮ್ಮ ತವರಮನ್ಯಾಗ ಕುಸುಬಿ ನೆನಿಹಾಕಿ, ರುಬ್ಬಿ, ಹಾಲು ತೆಗೆದು ಹುಗ್ಗಿ ಮಾಡತಿದ್ರು” ಎಂದಳು ನಿಧಾನವಾಗಿ. “ಅದು ಎಮ್ಮಿ ಹಾಲಲ್ಲ, ಆದ್ರೂ ಹಾಲ ಅಂತಿದ್ರು. ಕುಸುಬಿಗೆ ಹಾಲು ಐತಿ ಅಂದಮ್ಯಾಲೆ ತೆಂಗಿನಕಾಯಿಗೂ ಹಾಲು ಐತಿ. ಹಾಲು ಐತಿ ಅಂದಮ್ಯಾಲೆ ಕೆನಿ ಬರಬೇಕಲ್ಲ?”

ಮಾವಶಿ ಮತ್ತೆ ಒಳಗೆ ಓಡಿದಳು. ಹಬ್ಬದ ಪಾಯಸಕ್ಕೆಂದು ಹಿಂದಿನ ಸಂಜೆ ತೆಂಗಿನ ಹಾಲು ಹಿಂಡಿ ಕಿಟಕಿಯ ಬಳಿ ಇಟ್ಟಿದ್ದಳು. ಚಳಿಗೆ ಅದರ ಮೇಲೆ ಒಂದು ಬೆರಳು ದಪ್ಪ ಕೆನೆ ಕಟ್ಟಿತ್ತು. ಸೌಟು ಹಾಕಿದರೆ ಗಟ್ಟಿಯಾಗಿ ಏಳುತ್ತಿತ್ತು. ಅವ್ವ ಅದನ್ನು ಕಂಡು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಪಾತ್ರೆಗೆ ಕೆನೆ ಹಾಕಿದಳು, ಗಟ್ಟಿ ಎಣ್ಣೆ ಹಾಕಿದಳು, ಒಂದು ಚಿಟಿಕೆ ಉಪ್ಪು, ಹುಳಿಯ ರುಚಿಗೆ ನಾಲ್ಕು ಹನಿ ನಿಂಬೆರಸ. “ಕಡೀಬೇಕಲ್ಲ” ಎಂದಳು. ನಾನು ಒಂದೇ ಓಟಕ್ಕೆ ಹೋಗಿ ಗೋಡೆಗೆ ಒರಗಿಸಿಟ್ಟಿದ್ದ ಕಡಗೋಲು ತಂದುಕೊಟ್ಟೆ. ಅವ್ವ ಅಂಗೈಗಳ ನಡುವೆ ಅದನ್ನು ತಿರುಗಿಸಿದಳು. ನೋಡನೋಡುತ್ತ ಎರಡೂ ಒಂದಾಗಿ, ಉಬ್ಬಿ, ಕಡಗೋಲಿಗೆ ಮೆತ್ತಿಕೊಂಡಿತು. ಅಪ್ಪಟ ಬೆಣ್ಣೆ! ಬಣ್ಣ, ಹೊಳಪು, ಬೆರಳಿಂದ ಒತ್ತಿದರೆ ಆಗುವ ಗುಳಿ, ಎಲ್ಲ ಅದೇ. ಅಪ್ಪ ಈ ಸಲ ಎರಡು ಬೆರಳು ಹಾಕಿದ. ಮಾವಶಿ ಅವನ ಕೈಗೆ ಮೆಲ್ಲಗೆ ಹೊಡೆದಳು.

ಅಕ್ಕ ಒದ್ದೆ ಅರಿವೆಯ ಬುಟ್ಟಿ ಹೊತ್ತು ಬಂದಾಗ ನಾವು ನಾಲ್ವರೂ ಒಲೆಯ ಮುಂದೆ ಸಾಲಾಗಿ ನಿಂತಿದ್ದೆವು. ನಾನು ಬಟ್ಟಲು ಹಿಡಿದು ಮುಂದೆ ಹೋದೆ. ಅವಳು ಬುಟ್ಟಿ ಕೆಳಗಿಟ್ಟಳು. ಬಟ್ಟಲು ನೋಡಿದಳು. ಅವಳ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲಿಗೆ ಒರಗಿದಳು.

“ಬೆಣ್ಣಿ. ನನಗ ಬ್ಯಾಡ.”

“ಬೆಣ್ಣಿ ಅಲ್ಲವ್ವಾ, ತೆಂಗಿನಕಾಯೀದು” ಎಂದಳು ಅವ್ವ. ಅಪ್ಪನೂ ಹೇಳಿದ. ಮಾವಶಿಯೂ, “ಖಾ ಗೋ ಬಾಯ್, ಕಾಯೀದೇ, ತಿನ್ನು” ಎಂದಳು. ಅಕ್ಕ ಅವರ್ಯಾರನ್ನೂ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ದೀಪಾವಳಿಯ ರೊಟ್ಟಿ ನಮ್ಮಿಬ್ಬರ ನಡುವೆ ಇಟ್ಟಂತಿತ್ತು.

ಅಕ್ಕ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಮಾಸ್ತರರ ಹಾಗೆ ಒಂದೊಂದೇ ಕೇಳತೊಡಗಿದಳು. ಏನೇನು ಹಾಕಿದಿರಿ? ಎಣ್ಣೆ ಯಾರದು? ಪಾತ್ರೆ ಯಾವುದು? ಅವ್ವ ಎಲ್ಲಕ್ಕೂ ಉತ್ತರ ಕೊಟ್ಟಳು. ಕೊನೆಗೆ ಅಕ್ಕ ಕೇಳಿದಳು, “ಯಾವುದರಲೇ ಕಡದಿ?”

ಅವ್ವ ಪಾತ್ರೆಯ ಕಡೆ ತಿರುಗಿದಳು. ಒಲೆಯಲ್ಲಿ ಕಟ್ಟಿಗೆ ಚಟಪಟ ಎನ್ನುತ್ತಿತ್ತು. ಕಡಗೋಲು ಪಾತ್ರೆಯ ಪಕ್ಕದಲ್ಲೇ ಇತ್ತು. ಎರಡು ದಿನಕ್ಕೊಮ್ಮೆ ಮಜ್ಜಿಗೆ ಕಡೆಯುವ ಕಡಗೋಲು. ಎಷ್ಟು ತೊಳೆದರೂ ಅದರ ಸಂದುಗಳಲ್ಲಿ ಎಮ್ಮೆ ಬೆಣ್ಣೆಯ ಜಿಡ್ಡು ಉಳಿದೇ ಇರುತ್ತಿತ್ತು. ಅವ್ವ, “ಅಯ್ಯೋ ನನ ಕರ್ಮ” ಎಂದು ತಲೆ ಹಿಡಿದುಕೊಂಡು ಕೆಳಗೆ ಕೂತಳು. ಅದನ್ನು ಓಡಿಹೋಗಿ ತಂದುಕೊಟ್ಟವನು ನಾನು. ಎರಡನೇ ಸಲ, ಅದೇ ಅಕ್ಕನಿಗೆ, ಅದೇ ಪ್ರೀತಿಯಿಂದ, ಅದೇ ತಪ್ಪು ಮಾಡಲು ಹೊರಟಿದ್ದೆ. ಬಟ್ಟಲು ಕೆಳಗಿಟ್ಟು ಹಿತ್ತಲಿಗೆ ಹೋಗಿ ಸೌದೆಯ ರಾಶಿಯ ಹಿಂದೆ ಕೂತು ಅತ್ತೆ.

ಒಳಗಿನಿಂದ ಅಪ್ಪನ ಮಾತು ಕೇಳಿಸಿತು. “ಚಲೋ ಕೇಳಿದಿ ಯವ್ವಾ. ಇಷ್ಟು ಮಂದಿ ದೊಡ್ಡವರು ಇದ್ದು ನಾವು ಕೇಳಲಿಲ್ಲ. ಯಾರು ಏನ ಕೊಟ್ರೂ ಹಿಂಗ ಕೇಳಬೇಕು ನೀ. ನಾ ಕೊಟ್ರೂ ಕೇಳು.”

ಆಮೇಲೆ ಒದ್ದೆ ಲಂಗದ ಸದ್ದು ಹತ್ತಿರ ಬಂತು. ಅಕ್ಕ ನನ್ನ ಮುಂದೆ ನಿಂತಿದ್ದಳು. ಅವಳು ಸಮಾಧಾನ ಮಾಡುವ ಪೈಕಿ ಅಲ್ಲ. “ಮೂಗು ಒರಸ್ಕೊ” ಎಂದಳು. “ಮಾವಶಿ ಹಂತ್ಯಾಕ ಹೋಗಿ ಒಂದು ಕಾಯಿ ತೊಗೊಂಡು ಬಾ. ನಾನ ಮಾಡತೇನಿ.”

ಆ ಒಂದು ಕಾಯಿಗೆ ನಾನು ಹೇಗೆ ಓಡಿದೆನೋ! ಆಮೇಲೆ ನಮ್ಮ ಮನೆಯಲ್ಲಿ ಅಕ್ಕನದೇ ಆಳ್ವಿಕೆ. ಕಾಯಿಯನ್ನು ಅವಳೇ ಒಡೆದಳು. ನಮ್ಮ ಒರಳು ಬೇಡ, ಮಾವಶಿಯ ಒರಳು ಎಂದಳು. ಮಾವಶಿಯನ್ನೂ ಬಿಡಲಿಲ್ಲ. “ನಿಮ್ಮ ಭರಣ್ಯಾಗ ಹಾಲಿನ ಚಮಚಾ ಹಾಕೀರೇನ್ರಿ?” ಎಂದು ಕೇಳಿದಳು. ಮಾವಶಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ದೇವರ ಮನೆಯ ಕಡೆ ಕೈ ಮಾಡಿ ಇಲ್ಲ ಎಂದು ಆಣೆ ಇಟ್ಟಳು. ಹೊಸ ಮಣ್ಣಿನ ಕುಡಿಕೆಯೊಂದು ಸಂಕ್ರಾಂತಿಗೆಂದು ತಂದದ್ದಿತ್ತು. ಅದನ್ನು ತೊಳೆಸಿದಳು. ಕಡೆಯಲು ಏನು ಎಂದಾಗ ಅಪ್ಪ ಕೊಯ್ತಾ ಕತ್ತಿ ತೆಗೆದುಕೊಂಡು ಹೋಗಿ, ಮಾವಶಿಯ ಅಂಗಳದ ಪೇರಲ ಗಿಡದಿಂದ ಮೂರು ಕವಲಿರುವ ರೆಂಬೆ ಕಡಿದು, ಸಿಪ್ಪೆ ಹೆರೆದು, ಕವಲುಗಳನ್ನು ಗಿಡ್ಡ ಮಾಡಿ ಕೊಟ್ಟ. ಹಸಿ ಕಟ್ಟಿಗೆಯ ಒಗರು ವಾಸನೆ ಬರುತ್ತಿತ್ತು. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಆಯಿತು ಎನ್ನುವಂತೆ ತಲೆ ಆಡಿಸಿದಳು.

ಆದರೆ ಅಷ್ಟರಲ್ಲಿ ಹೊತ್ತು ಏರಿತ್ತು. ಮಂಜು ಹರಿದು ಬಿಸಿಲು ಅಂಗಳಕ್ಕೆ ಇಳಿದಿತ್ತು. ಭರಣಿಯ ಅಂಚಿನಲ್ಲಿ ಗಟ್ಟಿ ಎಣ್ಣೆ ನೀರಾಗತೊಡಗಿತ್ತು. ಬೆಳಗಿನ ಕೆನೆಯೂ ಉಳಿದಿರಲಿಲ್ಲ. ಅಕ್ಕ ಕಾಯಿ ತುರಿದು, ರುಬ್ಬಿ, ನೀರು ಹಾಕದೆ ಹಿಂಡಿದಳು. ಬಟ್ಟೆಯಿಂದ ಗಟ್ಟಿ ಹಾಲು ದಪ್ಪ ದಪ್ಪ ಹನಿಯಾಗಿ ಇಳಿಯಿತು. ಕುಡಿಕೆಯ ಸುತ್ತ ಒದ್ದೆ ಅರಿವೆ ಸುತ್ತಿ, ಗಾಳಿ ಬರುವ ಹಿತ್ತಲ ಬಾಗಿಲಲ್ಲಿ ನೆರಳಿಗೆ ಇಟ್ಟುಕೊಂಡಳು. ನನ್ನ ಕೆಲಸ ಬೀಸಣಿಗೆ ಬೀಸುವುದು ಮತ್ತು ಅರಿವೆ ಒಣಗದಂತೆ ನೀರು ಚಿಮುಕಿಸುವುದು. ಅವಳು ಎಣ್ಣೆಯನ್ನು ಒಂದೊಂದೇ ಚಮಚ ಹಾಕುತ್ತ ರೆಂಬೆಯಿಂದ ಕಡೆದಳು. ಒಮ್ಮೆ ಗಟ್ಟಿಯಾಗುವ ಹಾಗೆ ಮಾಡುತ್ತಿತ್ತು, ಒಮ್ಮೆ ಬಿಟ್ಟುಕೊಂಡು ನೀರಾಗುತ್ತಿತ್ತು.

“ಬೀಸೋ! ಕೈ ನೋಯಾಕತ್ತೈತೇನು?” ಎಂದಳು.

“ಇಲ್ಲ” ಎಂದೆ. ಕೈ ಬಿದ್ದುಹೋಗುವಂತಿತ್ತು.

ಕೊನೆಗೆ ಅದು ಕೂಡಿಕೊಂಡಿತು. ಬೆಳಿಗ್ಗೆ ಅವ್ವ ಮಾಡಿದ ಹಾಗೆ ನುಣ್ಣಗೆ ಹೊಳೆಯಲಿಲ್ಲ. ಅಲ್ಲಲ್ಲಿ ಗಂಟು ಗಂಟು, ಒಂದು ಕಡೆ ಕಾಯಿಯ ಸಣ್ಣ ಚೂರು ಬೇರೆ. ಉಪ್ಪೂ ತುಸು ಹೆಚ್ಚಾಗಿತ್ತು. ಅಕ್ಕ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಾಗ ಮಾತ್ರ ಯಾವ ಅಂಗಡಿಯಲ್ಲೂ ಅಂಥದ್ದು ಸಿಗಲಾರದು ಎನ್ನುವಂತೆ ನಡೆಯುತ್ತಿದ್ದಳು.

ಅವ್ವ ಹೆಂಚಿನಿಂದ ಸಜ್ಜೆ ರೊಟ್ಟಿ ಇಳಿಸಿದಳು. ಎಳ್ಳು ಸಿಡಿದು ಮನೆಯೆಲ್ಲ ಘಮಘಮ. ಆ ದಿನ ಅಕ್ಕ ಹಿತ್ತಲ ಬಾಗಿಲಿಗೆ ಹೋಗಲಿಲ್ಲ. ನಮ್ಮ ನಡುವೆಯೇ ಕೂತು, ರೊಟ್ಟಿಯ ಮೇಲೆ ಒಂದು ಉಂಡೆ ಇಟ್ಟಳು. ಅಂಚು ಕರಗಿತು. ಮುರಿದು, ತುಂಬುಗಾಯಿಯ ಎಸರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡಳು. ನಾವು ಯಾರೂ ಉಣ್ಣಲಿಲ್ಲ. ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ, ಅವ್ವ ಕುತ್ತಿಗೆಯನ್ನು, ನಾನು ಕಣ್ಣನ್ನು. ಮಾವಶಿ ಬಾಗಿಲಲ್ಲಿ ನಿಂತು ಕೈ ಮುಗಿದುಕೊಂಡಿದ್ದಳು. ಕಾಯಿ ಚಟ್ನಿ ಅಕ್ಕ ದಿನಾ ತಿನ್ನುತ್ತಿದ್ದಳು, ಏನೂ ಆಗಲಾರದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಕಣ್ಣು ಕೀಳಲಿಲ್ಲ.

ಅಕ್ಕ ಒಂದು ರೊಟ್ಟಿ ಪೂರ್ತಿ ಮುಗಿಸಿದಳು. ತಲೆ ಎತ್ತಿ ನಮ್ಮನ್ನು ನೋಡಿದಳು.

“ನನ್ನ ಮಾರಿ ಏನ ನೋಡಾಕತ್ತೀರಿ? ರೊಟ್ಟಿ ಆರತಾವು, ಉಣ್ರಿ.”

ಅಪ್ಪ ಜೋರಾಗಿ ನಕ್ಕ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಹೊಗೆ ಎಂದಳು. ಒಲೆಯಲ್ಲಿ ಆಗ ಹೊಗೆಯೇ ಇರಲಿಲ್ಲ. ಅಪ್ಪ ತನ್ನ ರೊಟ್ಟಿಗೂ ಅಕ್ಕನ ಕುಡಿಕೆಯಿಂದಲೇ ಹಾಕಿಸಿಕೊಂಡು, ಕಣ್ಣು ಮುಚ್ಚಿ ಅಗಿದು, “ಇದು ಎಮ್ಮೀದಲ್ಲ. ಆದ್ರ ಬೆ‌ಣ್ಣಿ ಹೌದು” ಎಂದು ತೀರ್ಪು ಕೊಟ್ಟ. ಬೆಳಿಗ್ಗೆ ಕಡಗೋಲಿನಿಂದ ಮಾಡಿದ್ದನ್ನು ಮಾವಶಿಯ ಮನೆಗೆ ಕೊಟ್ಟೆವು. ಅವರು ಮೂರು ದಿನ ತಿಂದರು.

ನಾನು ನನ್ನ ತಟ್ಟೆಯ ಕಡೆಗೇ ನೋಡುತ್ತ ಉಣ್ಣುತ್ತಿದ್ದೆ. ಅಕ್ಕನ ಎರಡನೇ ರೊಟ್ಟಿ ಬಂತು. ಅವಳು ಕುಡಿಕೆಯನ್ನು ನನ್ನ ಕಡೆ ಸರಿಸಿ, ತಟ್ಟೆಯನ್ನೂ ಮುಂದೆ ಚಾಚಿದಳು. ನನಗೆ ಮೊದಲು ಅರ್ಥವಾಗಲಿಲ್ಲ.

“ಹಚ್ಚು” ಎಂದಳು. “ಕೈ ತೊಳಕೊಂಡು ಬಂದು ಹಚ್ಚು.”

ನಾನು ಎರಡು ಸಲ ತೊಳೆದುಕೊಂಡು ಬಂದೆ. ರೊಟ್ಟಿಯ ಈ ಅಂಚಿನಿಂದ ಆ ಅಂಚಿನವರೆಗೆ, ಒಂದು ಎಳ್ಳೂ ಬಿಡದ ಹಾಗೆ ಹಚ್ಚಿದೆ. ಅವಳು ತಿಂದಳು. ಅಂಥ ಊಟವನ್ನು ನಾನು ಆಮೇಲೆ ಯಾವ ಮದುವೆಯಲ್ಲೂ ಉಂಡಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಅಕ್ಕನ ಪಾತ್ರೆಗಳಿಗೆ ಬೇರೆ ಗೂಡು ಬಂತು. ಗೋಧಿಯ ಸಿಹಿ ಮಾದಲಿಗೆ ತುಪ್ಪದ ಬದಲು ತೆಂಗಿನ ಹಾಲು ಬಂತು. ಚಳಿ ಹೋಗಿ ಬೇಸಿಗೆ ಬಂದಾಗ ಬೆಣ್ಣೆ ನಿಲ್ಲುತ್ತಿರಲಿಲ್ಲ, ಕುಡಿಕೆಯಲ್ಲೇ ನೀರಾಗುತ್ತಿತ್ತು. ಆಗ ಅವ್ವ ನನ್ನ ಶೇಂಗಾದ ಮುದ್ದೆಗೆ ಅದೇ ತೆಂಗಿನೆಣ್ಣೆ ಬೆರೆಸಿ ಹದ ಮಾಡುತ್ತಿದ್ದಳು. ಊರಿನಿಂದ ಬಂದ ನೆಂಟರು ತಲೆಗೆ ಹಚ್ಚುವುದನ್ನು ತಿನ್ನುವವರು ಎಂದು ನಮ್ಮನ್ನು ಆಡಿಕೊಂಡು ನಗುತ್ತಿದ್ದರು, ನಗುತ್ತಲೇ ಎರಡು ರೊಟ್ಟಿ ಹೆಚ್ಚು ಉಣ್ಣುತ್ತಿದ್ದರು.

ಈಗ ಅಕ್ಕ ಕಾಣಕೋಣದಲ್ಲಿ ತನ್ನ ಮಕ್ಕಳ ಜೊತೆ ಇದ್ದಾಳೆ. ನಾನು ಮಡಗಾಂವಿನಲ್ಲಿ, ನಿಮ್ಮ ಜೊತೆ. ನಿಮ್ಮ ಕಾಲದಲ್ಲಿ ಚಳಿಗಾಗಿ ಪುಷ್ಯ ಮಾಸದವರೆಗೆ ಕಾಯಬೇಕಿಲ್ಲ, ಫ್ರಿಜ್ಜಿನ ಬಾಗಿಲು ತೆಗೆದರೆ ಸಾಕು. ಅಂಗಡಿಯಲ್ಲಿ ಗೋಡಂಬಿಯ ಬೆಣ್ಣೆ, ಬಾದಾಮಿಯ ಹಾಲು, ಡಬ್ಬಿಯಲ್ಲಿ ತೆಂಗಿನ ಕೆನೆ, ಎಲ್ಲ ಸಾಲಾಗಿ ಕೂತಿರುತ್ತವೆ. ಒಳಗೆ ಏನೇನಿದೆ ಎಂದು ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನಮ್ಮ ಅವ್ವನಿಗೆ ಇದನ್ನೆಲ್ಲ ತೋರಿಸಿದ್ದರೆ, ಇಷ್ಟೊಂದು ಬೆಣ್ಣೆಗೆ ಎಷ್ಟು ರೊಟ್ಟಿ ಬಡಿಯಬೇಕು ಎಂದು ಕೇಳುತ್ತಿದ್ದಳೇನೋ.

ಆದರೆ ನಿಮ್ಮ ಕಾಲದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಬೇರೆ. ಹೋದ ತಿಂಗಳು ಮೊಮ್ಮಗಳ ಹುಟ್ಟುಹಬ್ಬವಿತ್ತಲ್ಲ, ಹತ್ತು ತುಂಬಿದ್ದು. ಆವತ್ತು ಅವಳು ಬಾಗಿಲಲ್ಲೇ ನಿಂತು, ಬಂದ ಗೆಳೆಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದಳು, “ನಿನಗೆ ಯಾವುದಾದರೂ ತಿಂದರೆ ಆಗೋದಿಲ್ಲವಾ?” ಹೀಗೆ ಕೇಳು ಎಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಕನ್ನಡಕದ ಒಬ್ಬ ಸಣ್ಣ ಹುಡುಗ, ಹಾಲು ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿದ. ಅವಳು ಸೀದಾ ಒಳಗೆ ಹೋಗಿ, ಯಾರಿಗಾದರೂ ಬೇಕಾದೀತೆಂದು ಹಾಲು ಬೆಣ್ಣೆ ಹಾಕದೆ ಮಾಡಿಟ್ಟಿದ್ದ ಪುಟ್ಟ ಕೇಕನ್ನು ತಂದು, ಬೇರೆ ಚಾಕುವಿನಿಂದ ಅವನಿಗೇ ಮೊದಲು ಕತ್ತರಿಸಿ ಕೊಟ್ಟಳು. ನಾನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಆ ಹುಡುಗ ಒಂದು ಕ್ಷಣವೂ ಹೆದರದೆ ಬಾಯಿಗೆ ಹಾಕಿಕೊಂಡ. ಆಮೇಲೆ ಕನ್ನಡಕಕ್ಕೆಲ್ಲ ತೆಂಗಿನ ಕೆನೆ ಮೆತ್ತಿಕೊಂಡು, ಇನ್ನೊಂದು ಚೂರು ಇದೆಯಾ ಎಂದು ಕೇಳಿದ.